ಬೇಲಿಯೊಳಗಿನ ಒಂಬತ್ತನೆಯ ಸಂಜೆ

ನಾನು ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಆ ಮನೆಯಲ್ಲಿ ಕಣ್ಣಿಗೆ ಕಾಣದ ಇನ್ನೊಬ್ಬರು ಇದ್ದಾರೆಂದು ಗೊತ್ತಾಯಿತು. ಸಂಜೆ ಒಲೆಯ ಮುಂದೆ ಕೂತು ಕೆಂಪನ್ನಕ್ಕೆ ಎಸರಿಟ್ಟಿದ್ದೆ. ಕೊಬ್ಬರಿ ಎಣ್ಣೆಗೆ ಇಲಾಂಗ್ ಹೂವು ಹಾಕಿ ಕಾಯಿಸಿದರೆ ಬರುತ್ತದಲ್ಲ, ಅಂಥ ವಾಸನೆ ಬಾಗಿಲಿನಿಂದ ತೇಲಿ ಬಂತು. ಆ ಎಣ್ಣೆ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಅತ್ತೆ ಅಡಿಕೆ ಕತ್ತರಿಸುತ್ತಿದ್ದವರು ತಲೆಯೆತ್ತದೆ ಖಾಲಿ ಬಾಗಿಲಿಗೆ ಹೇಳಿದರು:

“ಇನ್ನು ಮೂರೇ ಮೂರು ಬಾಕಿ ಅಮ್ಮಾ. ಸ್ವಲ್ಪ ತಡ್ಕೋ. ನಾನೇನು ಸುಮ್ನೆ ಕೂತಿದೀನಾ?”

ಆಮೇಲೆ ನನ್ನ ಕಡೆ ತಿರುಗಿ, “ಅನ್ನ ಸೀದುಹೋಗತ್ತೆ ನೋಡು ಮಗಳೇ” ಎಂದರು.

ಅತ್ತೆಯ ಹೆಸರು ತೊರಿಬಿಯಾ. ಊರಿಗೆಲ್ಲ ಟಾನ್ ತೊರಿಬಿಯಾ. ಗ್ವಾಮ್ ದ್ವೀಪದಲ್ಲಿ ಹಿರಿಯ ಹೆಂಗಸರನ್ನು ಟಾನ್, ಗಂಡಸರನ್ನು ಟುನ್ ಎನ್ನದೆ ಬರಿಯ ಹೆಸರಿನಿಂದ ಕರೆದರೆ ಕೆನ್ನೆಗೆ ಏಟು ಬೀಳುತ್ತಿದ್ದ ಕಾಲ ಅದು. ಅವರು ತೆಚಾ. ಸಾವಾದ ಮನೆಯಲ್ಲಿ ಒಂಬತ್ತು ಸಂಜೆ ಮುಂದೆ ಕೂತು ಜಪಸರ ಹೇಳಿಸುವ ಹೆಂಗಸು. ಪುಸ್ತಕ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದರೆ ಎಲ್ಲ ನಾಲಿಗೆಯ ಮೇಲೆ. ಒಂಬತ್ತರಲ್ಲಿ ಒಂದು ಸಂಜೆ ತಪ್ಪಿದರೂ ಸತ್ತವರು ಹೊಸಿಲು ದಾಟಲಾರರು ಎಂಬುದು ಅವರ ನಂಬಿಕೆ. ಅಂಥವರ ಸ್ವಂತ ತಾಯಿಗೇ ಐದು ಸಂಜೆ ತಪ್ಪಿಹೋಗಿದ್ದವು.

ಅತ್ತೆ ಹುಟ್ಟಿದ್ದು ಹಳೆಯ ಲೆಮ್ಮಾಯ್‌ನಲ್ಲಿ. ಊರ ತುಂಬ ದೀವಿಹಲಸಿನ ಮರ, ಅದರಿಂದಲೇ ಆ ಹೆಸರು. ಊರ ಮುಂದೆ ಕಡಲು ಒಳಕ್ಕೆ ಸರಿದು, ಆಳವಾಗಿ, ಅಲೆಯಿಲ್ಲದೆ ನಿಂತಿತ್ತು. ಆ ಆಳವೇ ಊರಿಗೆ ಶನಿಯಾಯಿತು ಎನ್ನುತ್ತಿದ್ದರು.

“ನಮ್ಮ ಕಡಲು ಮೊಣಕಾಲುದ್ದ ಇದ್ದಿದ್ರೆ ನಮ್ಮನ್ನ ಯಾರು ಮೂಸಿ ನೋಡ್ತಿದ್ರು ಹೇಳು? ಆಳ ಇತ್ತು. ಹಡಗು ನಿಲ್ಲತ್ತೆ ಅಂದ್ರು. ಹಡಗು ನಿಂತಿತು, ನಾವು ಎದ್ವಿ.”

ಅವರ ಬಾಲ್ಯದಲ್ಲಿ ದ್ವೀಪದ ದೊರೆ ಎಂದರೆ ಅಮೆರಿಕದ ನೌಕಾಪಡೆಯ ಕಪ್ತಾನ. ಒಂದೆರಡು ವರ್ಷಕ್ಕೊಬ್ಬ ಬಂದು ಹೋಗುತ್ತಿದ್ದ. ಕಾನೂನು ಬರೆಯುವವನು ಅವನೇ, ನ್ಯಾಯಾಧೀಶರನ್ನು ನೇಮಿಸುವವನೂ ಅವನೇ. ತೀರ್ಪು ಸರಿಯಿಲ್ಲ ಎಂದರೆ ದೂರು ಹೊತ್ತುಕೊಂಡು ಹೋಗಬೇಕಾದದ್ದೂ ಅವನ ಬಾಗಿಲಿಗೇ. ಒಬ್ಬ ಕಪ್ತಾನ ಬೀದಿಯಲ್ಲಿ ಸಿಳ್ಳೆ ಹಾಕಬಾರದೆಂದು ಆಜ್ಞೆ ಹೊರಡಿಸಿದ್ದ. ಅತ್ತೆ ಅದನ್ನು ಹೇಳುವಾಗ ಎಲೆಯಡಿಕೆಯ ಕೆಂಪು ಬಾಯಿ ತುಂಬ ನಗುತ್ತಿದ್ದರು. “ನಮ್ಮಪ್ಪನ್ನ ಹಿಡ್ಕೊಂಡ್ರು. ಕೋಣ ಕರೀತಿದ್ದೆ ಸ್ವಾಮಿ ಅಂದ ಅವನು. ಹಾಗಾದ್ರೆ ಇಂಗ್ಲಿಷ್‌ನಲ್ಲಿ ಕರಿ ಅಂದ್ರಂತೆ! ಪಾಪ, ಆ ಕೋಣ ಶಾಲೆಗೇ ಹೋಗಿರ್ಲಿಲ್ಲ.”

ಶಾಲೆಗೆ ಹೋದವರ ಪಾಡೂ ಅಷ್ಟೇ. ಆಟದ ಬಯಲಿನಲ್ಲಿ ನಮ್ಮ ಮಾತು ಬಾಯಿಂದ ಬಿದ್ದರೆ ಬೆತ್ತ. ಅತ್ತೆ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿದ್ದು ಆ ದಿನಗಳಲ್ಲೇ. ದೇವರ ಹತ್ತಿರ ಮಾತ್ರ ನಮ್ಮ ಭಾಷೆಯಲ್ಲಿ ಮಾತಾಡಬಹುದಿತ್ತು.

ಆಮೇಲೆ ಜಪಾನಿನವರು ಬಂದರು, ಎರಡೂವರೆ ವರ್ಷ ಇದ್ದರು. ಮಾವನನ್ನು ವಿಮಾನದ ಬಯಲು ಅಗೆಯಲು ಕರೆದೊಯ್ದರು. ಅವರು ಮತ್ತೆ ಬರಲಿಲ್ಲ, ಹೆಣವೂ ಸಿಗಲಿಲ್ಲ. 1944ರ ಜುಲೈ ಮೊದಲ ವಾರ ಅತ್ತೆಯ ತಾಯಿ ಮಾಕ್ರಿನಾ ಜ್ವರದಿಂದ ತೀರಿಕೊಂಡರು. ಇಗರ್ಜಿಯ ಹಿಂದಿನ ಹೂಳುನೆಲದಲ್ಲಿ ಮಣ್ಣು ಮಾಡಿ, ನಾಲ್ಕು ಸಂಜೆ ಜಪ ಮಾಡಿದ್ದರು. ಐದನೆಯ ಬೆಳಿಗ್ಗೆ ಸೈನಿಕರು ಬಂದೂಕಿನ ಚೂರಿಯಿಂದ ಬಾಗಿಲು ಬಡಿದು ಇಡೀ ಊರನ್ನು ಮಳೆಯಲ್ಲಿ ನಡೆಸಿಕೊಂಡು ಒಳನಾಡಿನ ಕಣಿವೆಗೆ ಅಟ್ಟಿದರು. ಅಲ್ಲಿ ನಾಲ್ಕು ಜನ ಒಟ್ಟಿಗೆ ಕೂತರೆ ಹೊಡೆಯುತ್ತಿದ್ದರು. ಅತ್ತೆ ಕೆಸರಿನಲ್ಲಿ ಕೂತು ತುಟಿಯಲ್ಲೇ ಮಣಿ ಎಣಿಸಿದರು. “ಅದು ಸೇರಲಿಲ್ಲ ಮಗಳೇ. ನೆಲ ಬೇರೆ. ಅಮ್ಮ ನನ್ನನ್ನ ಅಲ್ಲಿ ಹುಡುಕ್ತಾ ಇದ್ಲು, ನಾನು ಇಲ್ಲಿದ್ದೆ.”

ಅಮೆರಿಕದವರು ಮರಳಿ ಬಂದಾಗ ಜನ ಅತ್ತರು, ಸೈನಿಕರ ಕೈಗೆ ಮೂಗು ತಾಗಿಸಿ ನಮಸ್ಕರಿಸಿದರು. ಅತ್ತೆ ಆಗ ಹದಿನೈದು ವರ್ಷದವನಾಗಿದ್ದ ಮಗ ಸೆವೆರೊನನ್ನು ಕರೆದುಕೊಂಡು ಊರಿಗೆ ನಡೆದರು. ಊರು ಇರಲಿಲ್ಲ. ಬಾಂಬಿಗೆ ಉಳಿದಿದ್ದನ್ನು ಬುಲ್ಡೋಜರುಗಳು ಸಮ ಮಾಡುತ್ತಿದ್ದವು. ನೌಕಾಪಡೆಯ ನೆಲೆಗೆಂದು ಸುತ್ತ ಬೇಲಿ ಏಳುತ್ತಿತ್ತು.

“ಯುದ್ಧ ಮುಗಿಯೋವರೆಗೆ ಮಾತ್ರ” ಎಂದರು. ಗುಡ್ಡದ ಮೇಲೆ ಅರ್ಧ ಸೀಳಿದ ಡಬ್ಬಿಯಂಥ ತಗಡಿನ ಮನೆಗಳನ್ನು ಕೊಟ್ಟರು. ಅದಕ್ಕೆ ಹೊಸ ಲೆಮ್ಮಾಯ್ ಎಂದು ಹೆಸರಾಯಿತು. ಅಲ್ಲಿ ದೀವಿಹಲಸಿನ ಒಂದು ಗಿಡವೂ ಇರಲಿಲ್ಲ. ಯುದ್ಧ ಮುಗಿಯಿತು. ಒಬ್ಬ ಅಧಿಕಾರಿ ಹಳೆಯ ಊರಿನ ನೆಲ ಬಿಟ್ಟುಕೊಡುವ ಕಾಗದ ಹಿಡಿದು ಮನೆ ಮನೆಗೆ ಬಂದ. ಎಲ್ಲರೂ ಸಹಿ ಹಾಕಿದರು, ಅತ್ತೆಯೂ ಹಾಕಿದರು.

“ಓದಿ ನೋಡ್ಲಿಲ್ವಾ ಅತ್ತೆ?” ಎಂದು ಒಮ್ಮೆ ಕೇಳಿದ್ದೆ.

“ಓದಿದೆ. ನಮ್ಮ ಪ್ರಾಣ ಉಳಿಸಿದೋರು, ಮನೆ ಬಾಗಿಲಿಗೆ ಬಂದು ಕೇಳ್ತಾ ಇದಾರೆ. ಇಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಅವರು ಕೇಳ್ತಾ ಇರ್ಲಿಲ್ಲ, ಹೇಳ್ತಾ ಇದ್ರು ಅಂತ ಆಮೇಲೆ ಗೊತ್ತಾಯ್ತು.”

1948ರಿಂದ ವರ್ಷಕ್ಕೊಮ್ಮೆ, ನವೆಂಬರಿನ ಸಕಲ ಮೃತರ ದಿನ, ಹಳೆಯ ಊರಿನವರನ್ನು ಬಸ್ಸಿನಲ್ಲಿ ಬೇಲಿಯೊಳಕ್ಕೆ ಬಿಡತೊಡಗಿದರು. ಚೀಟಿ ಇದ್ದವರಿಗೆ ಮಾತ್ರ, ಎರಡು ಗಂಟೆ ಹೊತ್ತು. ಉಳಿದ ಐದು ಸಂಜೆಗಳನ್ನು ವರ್ಷಕ್ಕೊಂದರಂತೆ ತಾಯಿಯ ತಲೆದೆಸೆಯಲ್ಲೇ ಮುಗಿಸುವುದೆಂದು ಅತ್ತೆ ತೀರ್ಮಾನಿಸಿದರು. ಫಾದರ್ ಬುದ್ಧಿ ಹೇಳಿದರಂತೆ: “ಜಪಕ್ಕೆ ಜಾಗ ಯಾಕಮ್ಮ? ದೇವರು ಎಲ್ಲಾ ಕಡೆ ಇದಾನೆ.”

“ದೇವರು ಎಲ್ಲಾ ಕಡೆ ಇರ್ಲಿ ಫಾದರ್, ಅವನಿಗೇನು ಚೀಟಿ ಬೇಡ. ನಮ್ಮಮ್ಮ ಮಾತ್ರ ಅಲ್ಲೇ ಇರೋದು” ಎಂದರಂತೆ ಅತ್ತೆ.

ಐದನೆಯದು, ಆರನೆಯದು ಆದವು. ಕೊರಿಯಾದಲ್ಲಿ ಯುದ್ಧ ಶುರುವಾದದ್ದೇ ಮೂರು ವರ್ಷ ಬಸ್ಸೇ ಹೊರಡಲಿಲ್ಲ. ಆ ಮಧ್ಯೆ ವಾಷಿಂಗ್ಟನ್‌ನಲ್ಲಿ ಕಾನೂನಾಗಿ ನಾವೆಲ್ಲ ಅಮೆರಿಕದ ಪ್ರಜೆಗಳಾದೆವು. ಕಪ್ತಾನನ ಕುರ್ಚಿಯಲ್ಲಿ ಸೂಟು ತೊಟ್ಟವನು ಕೂತ. ಅವನನ್ನು ಕಳಿಸುವವರೂ ಅಲ್ಲಿಯವರೇ, ನಮ್ಮನ್ನು ಯಾರೂ ಕೇಳಲಿಲ್ಲ. ದ್ವೀಪ ಬಿಟ್ಟು ಹೋಗಲು, ಮರಳಿ ಮನೆಗೆ ಬರಲು ಮೊದಲಿನಂತೆ ನೌಕಾಪಡೆಯ ಒಪ್ಪಿಗೆಯೇ ಬೇಕು. ಬೇಲಿ ಒಂದು ಗೇಣೂ ಜರುಗಲಿಲ್ಲ.

ನಾನು ಮದುವೆಯಾಗಿ ಬಂದದ್ದು 1953ರಲ್ಲಿ, ದಕ್ಷಿಣದ ಇನಲಾಹನ್‌ನಿಂದ. ಆ ವರ್ಷ ಬಸ್ಸು ಹೊರಟಿತು. ಅತ್ತೆಯ ಜೊತೆ ನಾನೂ ಹೋದೆ. ಅತ್ತೆ ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತರು. ನಮ್ಮಲ್ಲಿ ಹಳೆಯ ನೆಲಕ್ಕೆ ಕಾಲಿಡುವ ಮೊದಲು ಅಲ್ಲಿನ ಪೂರ್ವಿಕರ ಅಪ್ಪಣೆ ಕೇಳಬೇಕು. “ಅಜ್ಜೀ, ಅಜ್ಜಾ, ನಿಮ್ಮ ನೆಲಕ್ಕೆ ಬರ್ತಾ ಇದೀವಿ. ಬರ್ಲಾ?” ಎಂದು ಜೋರಾಗಿ ಕೇಳಿದರು. ಕೆಳಗೆ ನಿಂತಿದ್ದ ಕಾವಲಿನ ಸೈನಿಕ ತನ್ನನ್ನೇ ಕೇಳಿದರೆಂದುಕೊಂಡು, “ಓಕೆ, ಓಕೆ” ಎಂದು ಕೈ ಬೀಸಿದ.

“ಇವನನ್ನ ಯಾರು ಕೇಳಿದ್ರು?” ಎಂದು ಗೊಣಗಿ ಅತ್ತೆ ಇಳಿದರು.

ಎಣ್ಣೆ ತುಂಬುವ ಎರಡು ದೊಡ್ಡ ತೊಟ್ಟಿಗಳ ನಡುವೆ ಹೂಳುನೆಲ ಬೆದರಿದಂತೆ ಬಿದ್ದಿತ್ತು. ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅತ್ತೆ ಏಳನೆಯ ಸಂಜೆಯ ಜಪ ಮಾಡಿದರು. “ಸಂಜೆಯಾಯಿತು, ತಾಯೇ” ಎಂದು ಅದು ಶುರುವಾಗುತ್ತದೆ. ಅದನ್ನೇ ಹೇಳಿದರು. ಆ ಉರಿಬಿಸಿಲಿನಲ್ಲಿ ಇಲಾಂಗ್ ಎಣ್ಣೆಯ ವಾಸನೆ ನನ್ನ ಬೆನ್ನ ಹಿಂದೆಯೇ ನಿಂತಿತ್ತು.

ಮರುವರ್ಷ ಎಂಟನೆಯದೂ ಆಯಿತು. ಅತ್ತೆಯ ನಡಿಗೆಯೇ ಬದಲಾಯಿತು. ಅಕ್ಕಪಕ್ಕದವರಿಗೆಲ್ಲ, “ಇನ್ನೊಂದೇ ಒಂದು ಕಣ್ರೇ. ಅಮ್ಮನ್ನ ಕಳಿಸಿಬಿಟ್ರೆ ನಾನು ಹಗುರ” ಎನ್ನುತ್ತಿದ್ದರು.

1955ರ ಅಕ್ಟೋಬರಿನಲ್ಲಿ ಚೀಟಿ ಕೇಳಲು ಹೋದೆವು. ಬೇಲಿಯ ಬಾಗಿಲ ಕಚೇರಿಯಲ್ಲಿ ಕೂತಿದ್ದವನು ನಮ್ಮವನೇ, ಅತ್ತೆ ಅವನ ಅಜ್ಜನಿಗೆ ಜಪ ಹೇಳಿಸಿದ್ದವರು.

“ಈ ವರ್ಷ ಬಸ್ಸಿಲ್ಲ ಟಾನ್. ಭದ್ರತೆಯ ಕಾರಣ.”

“ಯಾರ ಭದ್ರತೆನಪ್ಪಾ? ಸತ್ತು ಹನ್ನೊಂದು ವರ್ಷ ಆಗಿರೋ ಮುದುಕಿಯಿಂದ ಯಾರಿಗೆ ಅಪಾಯ?”

“ನನಗೇನು ಗೊತ್ತು ಟಾನ್, ಕಾಗದದಲ್ಲಿ ಅಷ್ಟೇ ಇರೋದು.”

“ಮುಂದಿನ ವರ್ಷ?”

ಅವನು ತಲೆ ತಗ್ಗಿಸಿದ. “ಆ ಜಾಗ ಇನ್ನು ಬೇರೆ ಕೆಲಸಕ್ಕೆ ಅಂತಿದಾರೆ. ಹೇಳೋಕಾಗಲ್ಲ.”

ಆಗ ನಾನು ಐದು ತಿಂಗಳ ಬಸುರಿ. ಆ ವಾರದಿಂದ ಬೆಳಿಗ್ಗೆ ಎದ್ದರೆ ತೋಳಿನ ಮೇಲೆ ಚಿವುಟಿದಂತೆ ನೀಲಿ ಕಲೆಗಳು. ಎರಡು, ಮೂರು, ಒಂದು ದಿನ ಏಳು. ಬಸುರಿಯರನ್ನು ಸತ್ತವರು ಚಿವುಟುತ್ತಾರೆಂದು ಚಿಕ್ಕಂದಿನಿಂದ ಕೇಳಿದ್ದೆ, ನಂಬಿರಲಿಲ್ಲ. ಹೊಸಿಲ ಬಳಿ ಒದ್ದೆ ಕಾಲಿನ ಗುರುತು ಕಾಣತೊಡಗಿತು, ಮಳೆಯಿಲ್ಲದ ದಿನಗಳಲ್ಲೂ. ಅತ್ತೆ ನನ್ನ ತೋಳು ನೋಡಿ ಬಿಳಿಚಿಕೊಂಡರು. ಖಾಲಿ ಬಾಗಿಲಿನ ಮುಂದೆ ಕೂತು ಬೈದರು, “ಅವಳನ್ನ ಮುಟ್ಬೇಡ ಅಮ್ಮಾ. ತಪ್ಪು ನನ್ದು. ಚಿವುಟೋದಾದ್ರೆ ನನ್ನ ಚಿವುಟು.” ಬೈಯುತ್ತಲೇ ಅತ್ತರು.

ನನ್ನ ಗಂಡ ಸೆವೆರೊ ಬೇಲಿಯೊಳಗೆ ನೀರಿನ ಲಾರಿ ಓಡಿಸುತ್ತಿದ್ದ. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ದಿನವೂ ಒಳಗೆ ಹೋಗುವವನು. ಹೂಳುನೆಲದ ಪಕ್ಕದ ರಸ್ತೆಯಲ್ಲೇ ದಿನಕ್ಕೆ ನಾಲ್ಕು ಸಲ ಹಾದುಹೋಗುತ್ತಿದ್ದ. ಆದರೆ ಲಾರಿ ನಿಲ್ಲಿಸುವಂತಿಲ್ಲ. ತನ್ನ ಕೆಲಸದ ಜಾಗ ಬಿಟ್ಟು ಬೇರೆಡೆ ಕಾಲಿಟ್ಟರೆ ಬಿಲ್ಲೆ ಹೋಗುತ್ತದೆ. ಅತ್ತೆ ಅವನನ್ನು ಚುಚ್ಚುತ್ತಿದ್ದರು:

“ನಿನ್ನ ಲಾರಿ ಗಾಲಿಗಿರೋ ಭಾಗ್ಯ ನನಗಿಲ್ಲ ನೋಡು.”

“ಕೆಲಸ ಕಳ್ಕೊಂಡು ಬರ್ಲಾ ಅಮ್ಮಾ? ಹೇಳು, ನಾಳೆನೇ ಬರ್ತೀನಿ.”

“ನಾನೇನು ಹಾಗಂದ್ನಾ?” ಎಂದು ಅತ್ತೆ ಮುಖ ತಿರುಗಿಸುತ್ತಿದ್ದರು.

ನವೆಂಬರ್ ಎರಡರಂದು ಸೆವೆರೊ ಮಾಮೂಲಿನ ಹೊತ್ತಿಗೆ ಬರಲಿಲ್ಲ. ಕತ್ತಲಾಗುವಾಗ ಗುಡ್ಡ ಹತ್ತಿ ನಡೆದುಕೊಂಡು ಬಂದ. ಎದೆಯ ಮೇಲೆ ಬಿಲ್ಲೆ ಇರಲಿಲ್ಲ. ಮೊಣಕಾಲಿಗೆ ಮಣ್ಣು ಮೆತ್ತಿತ್ತು. ಅತ್ತೆ ಅಂಗಳದಲ್ಲೇ ಅವನನ್ನು ತಡೆದು ಮಣ್ಣನ್ನೇ ನೋಡಿದರು.

“ಲಾರಿ ನಿಲ್ಲಿಸಿದ್ಯಾ?”

“ಹೂಂ.”

“ಜಪ ಮಾಡಿದ್ಯಾ?”

“ಮಾಡ್ದೆ.”

“ಪೂರ್ತಿ?”

ಅವನು ಅವರ ಮುಖ ನೋಡಿದ. “ಪೂರ್ತಿ ಅಮ್ಮಾ. ಒಂಬತ್ತನೇದು ಮುಗೀತು.”

ಅತ್ತೆ ಅವನ ತಲೆ ಹಿಡಿದು ಹಣೆಗೆ ಮುತ್ತಿಟ್ಟರು. ಆಮೇಲೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಎರಡು ದಿನ ಏಳಲಿಲ್ಲ.

ನನ್ನ ತೋಳಿನ ಕಲೆಗಳು ಮಾಸಿದವು, ಹೊಸವು ಮೂಡಲಿಲ್ಲ. ಸಂಜೆಯ ವಾಸನೆ ನಿಂತಿತು. ಮಗು ಚೆನ್ನಾಗಿ ಹುಟ್ಟಿತು. ಮನೆಗೆ ಹಿಡಿದ ಗ್ರಹಣ ಬಿಟ್ಟಿತೆಂದು ನಾನು ಕುಣಿದಾಡಬೇಕಿತ್ತು. ಆದರೆ ಅತ್ತೆ ಸಂಜೆಯಾದರೆ ಬಾಗಿಲ ಕಡೆ ಕಿವಿಯಿಟ್ಟು ಕೂರುತ್ತಿದ್ದರು. ಒಂದು ದಿನ ತಡೆಯಲಾರದೆ ಅಂದರು: “ಕೊನೇದು ನನ್ದಾಗಿತ್ತು ಮಗಳೇ. ಹೋಗಿ ಬಾ ಅಮ್ಮಾ ಅಂತ ನಾನು ಹೇಳ್ಬೇಕಿತ್ತು. ನನಗೆ ಹೇಳ್ದೇನೇ ಹೋಗಿಬಿಟ್ಲು.”

ಆಮೇಲೆ ಬಸ್ಸು ಮತ್ತೆ ಶುರುವಾಯಿತು. ಹೂಳುನೆಲವನ್ನು ಹಾಗೇ ಉಳಿಸಿದ್ದರು. ಅತ್ತೆ ಮಾತ್ರ ಒಂದು ವರ್ಷವೂ ಹತ್ತಲಿಲ್ಲ. “ಅಲ್ಲಿ ಈಗ ಯಾರಿದಾರೆ?” ಎನ್ನುತ್ತಿದ್ದರು. ಊರವರ ಸಾವಿಗೆ ಜಪ ಹೇಳಿಸುತ್ತ ಹದಿನಾಲ್ಕು ವರ್ಷ ಬದುಕಿದರು. ಸೆವೆರೊ ಶಾಲೆಯ ಬಸ್ಸು ಓಡಿಸಿದ. ಮಾತು ಕಮ್ಮಿಯಾಯಿತು. ಸಂಜೆ ಮನೆಯೊಳಗೆ ನಿಲ್ಲುತ್ತಿರಲಿಲ್ಲ, ಬಲೆ ಹಿಡಿದು ಕಡಲಿಗೆ ಹೊರಟುಬಿಡುತ್ತಿದ್ದ. ಕೆಲಸ ಕಳೆದುಕೊಂಡ ಬೇಸರ ಎಂದು ನಾನು ತಿಳಿದಿದ್ದೆ.

1969ರಲ್ಲಿ ಅತ್ತೆ ಹಾಸಿಗೆ ಹಿಡಿದಾಗ, ಹಳೆಯ ಲೆಮ್ಮಾಯ್‌ನಲ್ಲಿ ಹುಟ್ಟಿದವರನ್ನು ಬೇಕಾದರೆ ಅಲ್ಲಿಯೇ ಮಣ್ಣು ಮಾಡಬಹುದೆಂದು ಕಾಗದ ಬಂತು. ಸೆವೆರೊ ಅದನ್ನು ಓದಿ ಹೇಳಿದ. ಅವರು ಕಣ್ಣು ತೆರೆದರು.

“ಬೇಡ. ನನ್ನ ಮೊಮ್ಮಕ್ಕಳು ಚೀಟಿ ತೋರಿಸಿ ನನ್ನ ನೋಡೋಕೆ ಬರ್ಬೇಕಾ? ಇಲ್ಲೇ ಹಾಕಿ, ಗುಡ್ಡದ ಮೇಲೆ. ಮನಸ್ಸು ಬಂದಾಗ ಬರ್ತಾರೆ, ಬೇಜಾರಾದ್ರೆ ಹೋಗ್ತಾರೆ.”

“ಅಜ್ಜಿ ಪಕ್ಕದಲ್ಲಿ ಬೇಡ್ವಾ ಅಮ್ಮಾ?”

“ಅವಳು ಅಲ್ಲೆಲ್ಲಿದಾಳೆ? ನೀನೇ ಕಳಿಸಿದ್ಯಲ್ಲೋ, ನನ್ನಪ್ಪ. ಅದೊಂದು ಪುಣ್ಯ ಕಟ್ಕೊಂಡೆ.”

ಸೆವೆರೊ ಎದ್ದು ಹೊರಗೆ ಹೋದ. ಮೂರನೆಯ ದಿನ ಅತ್ತೆ ಹೋದರು. ಒಂಬತ್ತು ಸಂಜೆಯೂ ನಾನೇ ಮುಂದೆ ಕೂತು ಜಪ ಹೇಳಿಸಿದೆ. ಹದಿನಾರು ವರ್ಷ ಪಕ್ಕದಲ್ಲಿ ಕೂತು ಕೇಳಿದ್ದು ನಾಲಿಗೆಗೆ ತಾನಾಗಿ ಬಂತು. ಒಂಬತ್ತನೆಯದು ಮುಗಿದು, ಜನರೆಲ್ಲ ಉಂಡು ಹೋದ ಮೇಲೆ ಸೆವೆರೊ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದ.

“ರುಫಿನಾ, ನಾನು ಅವತ್ತು ಪೂರ್ತಿ ಮಾಡ್ಲಿಲ್ಲ.”

“ಯಾವತ್ತು?”

“ಜಪಸರದಲ್ಲಿ ಹತ್ತು ಹತ್ತು ಮಣಿ ಐದು ಸಲ ಇರ್ತವಲ್ಲ, ಮೂರು ಹತ್ತು ಆಗಿತ್ತು. ಜೀಪ್ ಬಂತು. ಎದ್ದೇಳಿಸಿ ಕರ್ಕೊಂಡು ಹೋದ್ರು. ಎರಡು ಹತ್ತು ಉಳಿದುಹೋಯ್ತು. ಮನೆಗೆ ಬಂದ್ರೆ ಅಮ್ಮ ಹಾಗೆ ನೋಡಿದ್ಲು. ಏನ್ ಹೇಳ್ಲಿ ನಾನು?”

ನಾನು ಕೇಳಿದೆ, “ಆದ್ರೆ ವಾಸನೆ ನಿಂತಿತಲ್ಲ? ನನ್ನನ್ನ ಚಿವುಟೋದೂ ನಿಂತಿತು.”

“ಎಲ್ಲಿ ನಿಂತಿತು?” ಎಂದ ಅವನು, ಬಹಳ ಮೆಲ್ಲಗೆ. “ನಿಮ್ಮಿಬ್ಬರನ್ನ ಬಿಟ್ಟು ನನ್ನ ಹತ್ರ ಬಂತು. ಹದಿನಾಲ್ಕು ವರ್ಷದಿಂದ ದಿನಾ ಸಂಜೆ ಬರತ್ತೆ. ಕಡಲಿಗೆ ಹೋದ್ರೂ ದೋಣೀಲಿ ಬಂದು ಕೂರತ್ತೆ. ಇಲ್ಲಿ ನೋಡು.”

ಅಂಗಿಯ ತೋಳು ಮೇಲಕ್ಕೆ ಸರಿಸಿದ. ದೀಪ ಹಿಡಿದು ನೋಡಿದೆ. ಭುಜದಿಂದ ಮೊಣಕೈವರೆಗೆ, ಹಳೆಯದರ ಮೇಲೆ ಹೊಸದು, ಸಣ್ಣ ಸಣ್ಣ ನೀಲಿ ಕಲೆಗಳು. ಹದಿನಾಲ್ಕು ವರ್ಷ ಅವನು ನನ್ನೆದುರು ತುಂಬುತೋಳಿನ ಅಂಗಿ ಬಿಚ್ಚಿರಲಿಲ್ಲ. ಸೆಕೆಯಲ್ಲೂ ಯಾಕೆಂದು ನಾನು ಕೇಳಿರಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ಒಪ್ಪುತ್ತೇನೆ.

“ಅತ್ತೆಗೆ ಹೇಳಿದ್ರೆ ಅವರೇ ಬಸ್ ಹತ್ತಿ ಹೋಗಿ ಮುಗಿಸ್ತಿದ್ರಲ್ಲ?”

“ಹೇಳೋಕೆ ಹೋಗ್ತಿದ್ದೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ. ಅವಳು, ನನ್ನ ಮಗ ಅಜ್ಜೀನ ದಾಟಿಸಿದ ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ಲು. ನಾನೇ ಬಸ್ ಹತ್ತಿದ್ರೂ ಯಾಕೆ ಅಂತ ಕೇಳ್ದೆ ಬಿಡ್ತಿರ್ಲಿಲ್ಲ.”

ನವೆಂಬರಿನಲ್ಲಿ ನಾವಿಬ್ಬರೂ ಬಸ್ಸು ಹತ್ತಿದೆವು. ಬಾಗಿಲಲ್ಲಿ ಒಬ್ಬ ಸೈನಿಕ ತಲೆ ಎಣಿಸಿ, ಇಪ್ಪತ್ತೆರಡು ಎಂದು ಪಟ್ಟಿಗೆ ಗುರುತು ಹಾಕಿಕೊಂಡ. ಹೂಳುನೆಲದಲ್ಲಿ ಹುಲ್ಲು ಕತ್ತರಿಸಿ ಓರಣ ಮಾಡಿದ್ದರು. ಸೆವೆರೊ ಅಜ್ಜಿಯ ಶಿಲುಬೆಯ ಮುಂದೆ ಮೊಣಕಾಲೂರಿದ. ನಾನು ಮೊದಲಿನಿಂದ ಹೇಳಲು ಹೊರಟರೆ ತಡೆದ. “ಬೇಡ. ಎಲ್ಲಿ ನಿಂತಿತೋ ಅಲ್ಲಿಂದ.” ನಾಲ್ಕನೆಯ ಹತ್ತರಿಂದ ಶುರು ಮಾಡಿದೆವು. ಹತ್ತೇ ನಿಮಿಷ ಹಿಡಿಯಿತು. ಆ ಹತ್ತು ನಿಮಿಷಕ್ಕೆ ಅಜ್ಜಿ, ಮೊಮ್ಮಗ ಇಬ್ಬರೂ ಇಷ್ಟು ವರ್ಷ ಕಾದಿದ್ದರು. ಕೊನೆಯ ಮಣಿ ಮುಗಿದಾಗ ಅವನು ಮಣ್ಣಿನ ಮೇಲೆ ಕೈಯಿಟ್ಟು, “ಅಮ್ಮ ಹೇಳ್ಬೇಕಿತ್ತು. ಅವಳ ಪರವಾಗಿ ನಾನು ಹೇಳ್ತೀನಿ. ಹೋಗಿ ಬಾ ಅಜ್ಜೀ” ಎಂದ.

ಮರಳುವಾಗ ಬೇಲಿಯ ಬಾಗಿಲಲ್ಲಿ ಬಸ್ಸು ನಿಂತಿತು. ಅದೇ ಸೈನಿಕ ಒಳಗೆ ಬಂದು ಎಣಿಸಿದ. ಪಟ್ಟಿ ನೋಡಿದ. ಹಿಂದಿನ ಸೀಟಿನಿಂದ ಮತ್ತೆ ಎಣಿಸಿದ. ಹುಬ್ಬು ಗಂಟಿಕ್ಕಿತು. ಚಾಲಕನನ್ನು ಬಿಟ್ಟು ಎಣಿಸಿದೆಯಾ ಎಂದು ಹೊರಗಿನವನು ಕೂಗಿ ಕೇಳಿದ. ಬಿಟ್ಟೇ ಎಣಿಸಿದ್ದೇನೆ, ಇಪ್ಪತ್ತಮೂರು ಬರುತ್ತಿದೆ ಎಂದ ಇವನು. ನಾನು ಸೆವೆರೊನ ಕೈ ಹಿಡಿದೆ. ಮೂರನೆಯ ಸಲ ಎಣಿಸಲು ಹೊರಟವನು ನಮ್ಮ ಮುಖಗಳನ್ನು ನೋಡಿ ಯಾಕೋ ಬಿಟ್ಟುಬಿಟ್ಟ. ಇಪ್ಪತ್ತೆರಡು ಎಂದೇ ಬರೆದು ಇಳಿದ. ಬೇಲಿಯ ಬಾಗಿಲು ತೆರೆಯಿತು, ಇಲಾಂಗ್ ಎಣ್ಣೆಯ ವಾಸನೆ ನಮ್ಮ ಜೊತೆಗೇ ಆಚೆ ಬಂತು. ಮುಂದಿನ ಸೀಟಿನಲ್ಲಿದ್ದ ಮುದುಕ ಟುನ್ ಮಾರ್ಸೆಲೊ ತಿರುಗಿ ನೋಡದೆ ಕಿಟಕಿಯ ಕಡೆಗೆ ಸ್ವಲ್ಪ ಸರಿದು ಜಾಗ ಬಿಟ್ಟರು. ನಾವೆಲ್ಲರೂ ಸ್ವಲ್ಪ ಸ್ವಲ್ಪ ಸರಿದು ಕೂತೆವು. ಬಸ್ಸು ಗುಡ್ಡ ಹತ್ತಿತು.